ಹಗೇವಿನ ಪಾಠ

ನಮ್ಮೂರಲ್ಲಿ ಇಂಗ್ಲಿಷ್ ಬರುತ್ತಿದ್ದದ್ದು ಶಂಕ್ರಪ್ಪನವರೊಬ್ಬರಿಗೇ. ಹುಡುಗರಾಗಿದ್ದಾಗ ಧಾರವಾಡದ ಕಾಲೇಜಿನಲ್ಲಿ ಒಂದು ವರ್ಷ ಕೂತು ಬಂದವರು. ಎರಡನೇ ವರ್ಷ ಅಪ್ಪ ತೀರಿಕೊಂಡಾಗ ಮೂವತ್ತು ಎಕರೆ ಎರೆಹೊಲ ಅವರನ್ನು ಊರಿಗೆ ಎಳೆದು ತಂದಿತ್ತು. ಆ ಒಂದು ವರ್ಷದ ಇಂಗ್ಲಿಷನ್ನು ಅವರು ನಲವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು. ಬಳಸುವ ಸಂದರ್ಭಗಳು ಮಾತ್ರ ಕಡಿಮೆ. ಹತ್ತಿಯ ಹುಳಕ್ಕೆ ಹೊಡೆಯುವ ಎಣ್ಣೆಯ ಡಬ್ಬಿಯ ಮೇಲೆ ಬರೆದದ್ದನ್ನು ಓದಿ ಹೇಳುವುದು, ಯಾರಿಗಾದರೂ ಅರ್ಜಿ ಬೇಕಾದರೆ 'ವಿತ್ ಡ್ಯೂ ರಿಸ್ಪೆಕ್ಟ್ ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಿ ಬರೆದುಕೊಡುವುದು, ಇಷ್ಟೇ. ಅವರ ಹತ್ತಿರ ಒಂದು ಡಿಕ್ಷನರಿಯೂ ಇತ್ತು. ಅದರಲ್ಲಿ ಟಿ ಅಕ್ಷರದಿಂದ ಮುಂದಿನದನ್ನು ಗೆದ್ದಲು ತಿಂದಿದ್ದರಿಂದ, ಅಲ್ಲಿಂದಾಚೆಯ ಶಬ್ದಗಳ ಗೊಡವೆಗೆ ಅವರು ಹೋಗುತ್ತಿರಲಿಲ್ಲ.

ಇಂಥವರ ಸೊಸೆ ಸುಶೀಲವ್ವ. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ಮೂರೂವರೆ ವರ್ಷ ನರ್ಸಿಂಗೂ ಹೆರಿಗೆ ಕೆಲಸವೂ ಕಲಿತು, ಕುಂದಗೋಳದ ದವಾಖಾನೆಯಲ್ಲಿ ನರ್ಸಾಗಿದ್ದಳು. ಮದುವೆಯಾದ ಮೇಲೂ ನೌಕರಿ ಬಿಟ್ಟಿರಲಿಲ್ಲ. ಗಂಡ ಈರಬಸಪ್ಪ ಮೆಟ್ರಿಕ್ ಎರಡು ಸಲ ನಪಾಸಾಗಿ ಹೊಲ ಹಿಡಿದವನು, ಮಾತು ಕಡಿಮೆ. ದಿನಾ ಮುಂಜಾನೆ ಹೆಂಡತಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ನಾಲ್ಕು ಮೈಲು ತುಳಿದು ಕುಂದಗೋಳಕ್ಕೆ ಬಿಟ್ಟು ಬರುತ್ತಿದ್ದ. ದವಾಖಾನೆಯಲ್ಲಿ ಸುಶೀಲವ್ವನ ದನಿ ರಸ್ತೆಯವರೆಗೆ ಕೇಳುತ್ತಿತ್ತು. ನಮ್ಮೂರ ಅರ್ಧ ಗಂಡಸರು ಆಕೆಯ ಕೈಯಿಂದ ಸೂಜಿ ಮಾಡಿಸಿಕೊಂಡವರೇ, 'ಅಲ್ಲಾಡಬ್ಯಾಡ್ರಿ, ನಿಮಗೇನ್ ಸಣ್ಣ ಕೂಸ ಅಂತಾರೇನು' ಎಂದು ಅನ್ನಿಸಿಕೊಂಡವರೇ. ಮನೆಯ ಹೊಸ್ತಿಲು ದಾಟಿ ಒಳಗೆ ಬಂದಳೆಂದರೆ ತಲೆಯ ಮೇಲೆ ಸೆರಗು ಬರುತ್ತಿತ್ತು, ದನಿ ಹೋಗುತ್ತಿತ್ತು. ಮಾವನ ಎದುರು ನಿಲ್ಲುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಮೂರು ವರ್ಷದಲ್ಲಿ ಅವರಿಬ್ಬರ ನಡುವೆ ನೇರವಾಗಿ ಒಂದು ಮಾತೂ ನಡೆದಿರಲಿಲ್ಲ. ಹೇಳುವುದು ಕೇಳುವುದು ಏನಿದ್ದರೂ ಅತ್ತೆ ರೇವವ್ವನ ಬಾಯಿಂದ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ದವಾಖಾನೆಗೆ ಒಂದು ಕಾಗದ ಬಂತು. ನೌಕರಿಯಲ್ಲಿದ್ದ ನರ್ಸುಗಳು ಬೆಂಗಳೂರಿಗೆ ಹೋಗಿ ಎರಡು ವರ್ಷ ಓದಿ ಬಿ.ಎಸ್ಸಿ. ನರ್ಸಿಂಗ್ ಪದವಿ ಪಡೆಯಬಹುದು. ಮುಂದೆ ನರ್ಸಿಂಗ್ ಶಾಲೆಯಲ್ಲಿ ಕಲಿಸುವ ಕೆಲಸಕ್ಕೆ ಅದು ಬೇಕು. ಆದರೆ ಮೊದಲು ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ವಿಷಯ ಹೆರಿಗೆ ಮತ್ತು ಹೆಂಗಸರ ಆರೋಗ್ಯ. ಎರಡೂ ಇಂಗ್ಲಿಷಿನಲ್ಲಿ.

ಹುಬ್ಬಳ್ಳಿಯ ಹಳೆಯ ಮೇಟ್ರನ್ ಬಾಯಿ ಸುಶೀಲವ್ವನಿಗೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟು, "ಇದನ್ನ ಅರಗಿಸಿಕೊಂಡ್ರ ಸೀಟು ನಿಂದ," ಅಂದಳು. ಸುಶೀಲವ್ವ ಅಡಿಗೆಮನೆಯ ಬೀಸುಕಲ್ಲಿನ ಹತ್ತಿರ ಕೂತು ಅದನ್ನು ಬಿಚ್ಚಿದಳು. ಆಕೆಯ ತೊಡಕು ವಿಚಿತ್ರದ್ದಾಗಿತ್ತು. ಪುಸ್ತಕದ ಕಷ್ಟದ ಶಬ್ದಗಳೆಲ್ಲ ಆಕೆಗೆ ಗೊತ್ತು. ಆ ಅಂಗಗಳೊಂದಿಗೆ ದಿನವೂ ಕೆಲಸ. ಆದರೆ ಆ ಶಬ್ದಗಳ ನಡುವೆ ಇದ್ದ ಸಣ್ಣ ಸಣ್ಣ ಮಾತುಗಳು, ಒಂದು ಸಾಲು ಎಲ್ಲಿಂದಲೋ ಹೊರಟು ಏಳು ಅಲ್ಪವಿರಾಮ ದಾಟಿ ಎಲ್ಲಿಗೋ ಮುಟ್ಟುವುದು, ಅದು ತಿಳಿಯುತ್ತಿರಲಿಲ್ಲ. ನರ್ಸಿಂಗ್ ಕಲಿಯುವಾಗ ಎಲ್ಲವನ್ನೂ ಕನ್ನಡದಲ್ಲಿ ಕೇಳಿಕೊಂಡು ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿದ್ದಳು.

ಒಂದು ದಿನ ಸೈಕಲ್ಲಿನ ಮೇಲೆ ಗಂಡನಿಗೆ ಇದನ್ನು ಹೇಳಿಕೊಂಡಳು.

"ಅಪ್ಪಗ ಕೇಳು," ಅಂದ ಈರಬಸಪ್ಪ.

"ಮಾವಾರ್ನ? ಇಂಥಾದ್ದೆಲ್ಲಾ ಅವರಿಗೆ ಹ್ಯಾಂಗ ಕೇಳೂದ್ರಿ?"

ಈರಬಸಪ್ಪ ಒಂದು ಫರ್ಲಾಂಗು ತುಳಿದು, ಆಮೇಲೆ ಧೈರ್ಯ ಹೇಳಿದ. "ಅಪ್ಪಗ ಹೆಂಗೂ ಏನೂ ತಿಳಿಯೂದಿಲ್ಲ ಬಿಡು."

ಶಂಕ್ರಪ್ಪನವರಿಗೆ ಸುದ್ದಿ ರೇವವ್ವನಿಂದ ಮುಟ್ಟಿತು: ಸೊಸೆಗೆ ಇಂಗ್ಲಿಷ್ ಪಾಠ ಬೇಕಂತೆ. ಅವರು ಅವತ್ತೇ ಕ್ಷೌರ ಮಾಡಿಸಿಕೊಂಡರು. ಮರುದಿನ ಸಂಜೆ ಐದಕ್ಕೆ ಪಡಸಾಲೆಯಲ್ಲಿ ಜಮಖಾನೆ ಹಾಸಿ, ರುಮಾಲು ಸುತ್ತಿ, ಡಿಕ್ಷನರಿ ಮುಂದಿಟ್ಟುಕೊಂಡು ಕೂತರು. ಸುಶೀಲವ್ವ ನಡುಮನೆಯ ಬಾಗಿಲ ಹಿಂದೆ. ಇಬ್ಬರ ನಡುವೆ ಹೊಸ್ತಿಲ ಮೇಲೆ ರೇವವ್ವ, ಮೊರದಲ್ಲಿ ಜೋಳ ಹಸನ ಮಾಡುತ್ತ. ಪುಸ್ತಕ ಒಳಗಿಂದ ಹೊರಗೆ ಬಂತು. ಚಿತ್ರಗಳಿದ್ದ ಪುಟಗಳಿಗೆಲ್ಲ ಸುಶೀಲವ್ವ ಮೊದಲೇ ಗಂಜಿ ಹಚ್ಚಿ ಹಳೆ ಪೇಪರ್ ಅಂಟಿಸಿದ್ದಳು. ಶಂಕ್ರಪ್ಪನವರು ಪುಟ ಹರಿದಿತ್ತೆಂದು ತಿಳಿದು ಸೊಸೆಯ ಜೋಪಾನ ಮೆಚ್ಚಿಕೊಂಡರು.

ಮೊದಲನೇ ಸಾಲನ್ನು ಅವರು ಮಂತ್ರದ ಹಾಗೆ ನಿಧಾನವಾಗಿ ಓದಿದರು. ಆಮೇಲೆ ಬಿಡಿಸಿದರು. "ಇಲ್ಲಿ 'ಲೆಸ್ಟ್' ಅಂತ ಐತಿ. ಭಾಳ ಚಂದದ ಶಬ್ದ. 'ಮಳಿ ಬಂದೀತಂತ ಕಂಬಳಿ ತಗೊಂಡೆ' ಅಂತೀವಲ್ಲ, ಆ 'ಬಂದೀತಂತ' ಅನ್ನೂದ ಲೆಸ್ಟ್. ಅಂದ್ರ, ಇದು ಹರದೀತಂತ ಇದಕ್ಕ ಕೈ ಆಸರ ಕೊಡಬೇಕು ಅಂತ ಬರದಾರ. ಯಾವುದು ಹರದೀತು? ಪೆರಿನಿಯಮ್." ಡಿಕ್ಷನರಿ ತೆರೆದರು. ಪಿ ಅಕ್ಷರ ಇತ್ತು, ಈ ಶಬ್ದ ಇರಲಿಲ್ಲ. "ಪೆರಿನಿಯಮ್ ಅಂದ್ರೇನು ಕೇಳು."

ರೇವವ್ವ ಒಳಗೆ ಕತ್ತು ಹಾಕಿ ಕೇಳಿದಳು. ಬಾಗಿಲ ಹಿಂದೆ ಪಿಸುಮಾತು ನಡೆಯಿತು. ರೇವವ್ವ ಕತ್ತು ಹೊರಗೆ ತೆಗೆದಾಗ ಮುಖ ಕೆಂಪಾಗಿತ್ತು, ಮೊರದ ಜೋಳ ಅಲುಗುತ್ತಿತ್ತು.

"ಅದು ನಿಮಗ ಬ್ಯಾಡ. ಮುಂದ ಓದ್ರಿ."

"ಬ್ಯಾಡ ಅಂದ್ರ ಹ್ಯಾಂಗ? ಕರ್ತೃ ಯಾವುದು ಕರ್ಮ ಯಾವುದು ತಿಳೀಲಿಲ್ಲಂದ್ರ ವಾಕ್ಯ ಹ್ಯಾಂಗ ಬಿಡಸೂದು?"

"ಏನರ ಒಂದು ಹೆಸರ ಇಟಗೊಂಡು ಬಿಡಸ್ರಿ."

ಮೂರು ಸಾಲು ದಾಟುವಷ್ಟರಲ್ಲಿ ಇಂಥ ನಾಲ್ಕು ಶಬ್ದ ಬಂದವು. ಅವುಗಳಲ್ಲಿ ಒಂದು ಯು ಅಕ್ಷರದ್ದು, ಗೆದ್ದಲಿಗೆ ಹೋದದ್ದು. ಶಂಕ್ರಪ್ಪನವರು ಬೀಜಗಣಿತದ ಹಾಗೆ ಎಕ್ಸ್, ವಾಯ್ ಅಂತ ಇಟ್ಟುಕೊಳ್ಳೋಣವೆಂದರು. ರೇವವ್ವನಿಗೆ ಅದು ಒಪ್ಪಿಗೆಯಾಗಲಿಲ್ಲ. ನಡುವೆ ನಿಂತು ಮಾತು ದಾಟಿಸುವಾಕೆ ತಾನು, ತನಗೆ ನೆನಪಿರುವ ಹೆಸರು ಬೇಕು.

"ಹಗೇವು ಅನ್ರಿ," ಅಂದಳು. ಜೋಳ ಕೂಡಿಡಲು ನೆಲದಲ್ಲಿ ತೋಡುವ ಹಗೇವು ಹಿಂದೆ ನಮ್ಮೂರಲ್ಲಿ ಮನೆಗೊಂದು ಇತ್ತು. "ಅದೂ ಹಂಗ ಇರತೈತಿ. ಹೊಟ್ಟಿ ದೊಡ್ಡದು, ಬಾಯಿ ಸಣ್ಣದು. ಒಳಗ ಒಂದು ಚೀಲ ಐತಿ ಅನ್ರಿ. ಬಾಯಿ ತೆರದು ಚೀಲ ಹೊರಗ ಬರೂದ ಈ ಇಡೀ ಪುಸ್ತಕದಾಗ ಇರೂದು."

ಶಂಕ್ರಪ್ಪನವರು ಐದು ಮಕ್ಕಳ ತಂದೆ. ಸ್ವಲ್ಪ ಹೊತ್ತು ಪುಸ್ತಕ ನೋಡಿದರು, ಸ್ವಲ್ಪ ಹೊತ್ತು ಜಂತಿ ನೋಡಿದರು. ರುಮಾಲು ಸರಿಮಾಡಿಕೊಂಡರು. ಆಮೇಲೆ ಬಹಳ ಗಂಭೀರವಾಗಿ, "ಹಂಗಾರ ಹಗೇವಿನ ಬಾಯಿಗೆ ಆಸರ ಕೊಡಬೇಕು, ಹರದೀತಂತ. ಇಲ್ಲಿ ಹಗೇವು ಕರ್ತೃ ಅಲ್ಲ," ಅಂದರು.

ಪಾಠ ಹೀಗೆ ಶುರುವಾಯಿತು. ಹದಿನೈದು ದಿನದಲ್ಲಿ ಸುಶೀಲವ್ವನಿಗೆ ಉದ್ದದ ಸಾಲಿನ ನಾಡಿ ಸಿಕ್ಕಿತು. ಕ್ರಿಯಾಪದ ಎಲ್ಲಿ ಅಡಗಿದೆಯೆಂದು ತಾನೇ ಹುಡುಕಿ, ಬಾಗಿಲ ಹಿಂದಿನಿಂದ ಅತ್ತೆಯ ಮೂಲಕ ಹೇಳಿ ಕಳಿಸತೊಡಗಿದಳು. ರೇವವ್ವ ಮಾತ್ರ ಬರೀ ದಾಟಿಸುವ ಕೆಲಸಕ್ಕೆ ನಿಲ್ಲಲಿಲ್ಲ. ಚೀಲ ಹೊರಬರುವಾಗ ಹೆಂಗಸು ಅಂಗಾತ ಮಲಗಿರಬೇಕೆಂದು ಪುಸ್ತಕ ಹೇಳಿದ ದಿನ ಆಕೆ ಮೊರ ಕೆಳಗಿಟ್ಟಳು.

"ನಾ ಐದು ಹಡದೀನಿ. ಐದೂ ಮೊಣಕಾಲ ಊರಿ, ಜಂತಿಗೆ ಕಟ್ಟಿದ ಹಗ್ಗ ಹಿಡಕೊಂಡ. ಆ ಪುಸ್ತಕ ಬರದಾಕಿ ಎಷ್ಟು ಹಡದಾಳಂತ ನೋಡ್ರಿ."

ಶಂಕ್ರಪ್ಪನವರು ಮೊದಲ ಪುಟ ತಿರುವಿದರು. "ಬರದಾಂವ ಗಂಡಸು. ಹೆಸರಿನ ಮುಂದ ಆರು ಡಿಗ್ರಿ ಅದಾವು."

"ಮತ್ತ. ಮಕ್ಕೊಂಡ ಹಡಿಯೂದು ಅಂವಗ ಸಸಾರ ಕಂಡಿರಬೇಕು."

ಬಾಗಿಲ ಹಿಂದೆ ಸುಶೀಲವ್ವ ನಕ್ಕದ್ದು ಪಡಸಾಲೆಗೆ ಕೇಳಿತು. ಆ ಮನೆಯಲ್ಲಿ ಮಾವ ಸೊಸೆಯ ನಗು ಕೇಳಿದ್ದು ಅದೇ ಮೊದಲು.

ಶಂಕ್ರಪ್ಪನವರಿಗೆ ಪುಸ್ತಕ ಹಿಡಿಸಿತು. ಸೊಸೆ ದವಾಖಾನೆಗೆ ಹೋದ ಮೇಲೆ ತಾವೇ ಅದನ್ನು ತೆಗೆದುಕೊಂಡು, ಮುಂದಿನ ಪಾಠ ನೋಡಿಟ್ಟುಕೊಳ್ಳುತ್ತೇನೆಂದು ಹೇಳಿ ಹೊಲದ ಬೇವಿನ ಮರದ ಕೆಳಗೆ ಕೂತು ಓದುತ್ತಿದ್ದರು. ಒಂದು ಸಂಜೆ ಚೀಲ ಅಡ್ಡ ತಿರುಗಿದ ಪ್ರಕರಣ ಬಂತು. ಅರ್ಧ ಪುಟ ಓದಿ ನಿಲ್ಲಿಸಿದರು. ಬಾಗಿಲ ಕಡೆ ನೋಡದೆ, ಹೆಂಡತಿಯನ್ನು ಕೇಳಿದರು.

"ನಮ್ಮ ಎರಡನೇದು ಹಿಂಗ ಆಗಿತ್ತೇನು?"

ರೇವವ್ವ ಜೋಳದಲ್ಲಿ ಕಲ್ಲು ಹುಡುಕುತ್ತ, "ಹೂಂ," ಅಂದಳು. "ಕೈ ಮೊದಲ ಬಂದಿತ್ತು. ಎರಡು ದಿನಾ."

ಆ ಎರಡು ದಿನ ಶಂಕ್ರಪ್ಪನವರು ಕುಂದಗೋಳದಲ್ಲಿ ಗಾಯನದ ಬೈಠಕ್ಕಿನಲ್ಲಿದ್ದರು. ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದು, ಹಿತ್ತಲಲ್ಲಿ ಮಣ್ಣೂ ಮುಚ್ಚಿತ್ತು. ಏನಾಯಿತೆಂದು ಅವರು ಆಗ ಕೇಳಿರಲಿಲ್ಲ. ಗಂಡಸರು ಕೇಳುವ ಸಂಗತಿಯಲ್ಲ ಅದು. ಪುಸ್ತಕ ಮುಚ್ಚಿ, "ಇವತ್ತು ಸಾಕು," ಎಂದು ಎದ್ದು ಹೊರಗೆ ಹೋದರು. ಮರುದಿನ ಪಾಠಕ್ಕೆ ಕೂತಾಗ ಹೆಂಡತಿ ಕೂತ ಹೊಸ್ತಿಲ ಮೇಲೆ ಜಮಖಾನೆಯ ಒಂದು ಅಂಚನ್ನು ತಾವೇ ಎಳೆದು ಹಾಸಿದರು. ರೇವವ್ವ ಅದರ ಮೇಲೆ ಸರಿದು ಕೂತಳು.

ಇತ್ತ ಇನ್ನೊಂದು ತಾಪತ್ರಯ ಬೆಳೆಯುತ್ತಿತ್ತು. ಶಂಕ್ರಪ್ಪನವರ ಪಡಸಾಲೆಗೂ ಬಾಜು ಮನೆಯ ಮಡಿವಾಳೆಪ್ಪನ ದನದ ಕೊಟ್ಟಿಗೆಗೂ ಒಂದೇ ಗೋಡೆ. ಆ ವರ್ಷ ಲೆವಿ ಜೋರಾಗಿತ್ತು. ಹೊಲ ಇದ್ದವರು ಎಕರೆಗೆ ಇಷ್ಟು ಅಂತ ಜೋಳವನ್ನು ಸರಕಾರಕ್ಕೆ ಅಳೆದುಕೊಡಬೇಕು, ಬಚ್ಚಿಟ್ಟರೆ ಗುನ್ಹೆ. ಮಡಿವಾಳೆಪ್ಪ ಹೊಟ್ಟೆ ಉರಿಸಿಕೊಂಡು ತನ್ನ ಪಾಲು ಅಳೆದುಕೊಟ್ಟು ಬಂದಿದ್ದ. ಈಗ ದಿನಾ ಸಂಜೆ ಎಮ್ಮೆ ಹಿಂಡಲು ಕೂತರೆ ಗೋಡೆಯ ಆಚೆಯಿಂದ ಶಂಕ್ರಪ್ಪನವರ ತುಂಬು ದನಿ ಕೇಳುತ್ತಿತ್ತು:

"ಹಗೇವು ತುಂಬಿ ಒಂಬತ್ತು ತಿಂಗಳಾದ ಮ್ಯಾಲ ಬಾಯಿ ತಾನ ತೆರಿಯೂತನಕಾ ಕಾಯಬೇಕು. ಅವಸರ ಮಾಡಬಾರದು."

ಇನ್ನೊಂದು ದಿನ: "ಹಗೇವಿನ್ಯಾಗ ಎರಡು ಚೀಲ ಇದ್ರ, ಮೊದಲನೇದು ಬಂದ ಮ್ಯಾಲ ಎರಡನೇದು ಐತೆಂತ ಹೊರಗ ಯಾರಿಗೂ ಗೊತ್ತಾಗದಂಗ ಇರಬಹುದು. ಕೈ ಇಟ್ಟು ನೋಡಬೇಕು."

ಮಡಿವಾಳೆಪ್ಪನ ಕೈಯಲ್ಲಿ ಎಮ್ಮೆಯ ಮೊಲೆ ಹಾಗೇ ನಿಂತಿತು. ಒಂಬತ್ತು ತಿಂಗಳಿಂದ ತುಂಬಿಟ್ಟ ಹಗೇವು, ಅದೂ ಮನೆ ಸೊಸೆಗೆ ದಿನಾ ಪಾಠ ಮಾಡಿ ಹೇಳಿಕೊಡುವಷ್ಟು ದೊಡ್ಡದು. ಅವನು ಕೆಟ್ಟವನಲ್ಲ; ಹೇಳಬೇಕೆಂದು ಹೇಳಲಿಲ್ಲ, ಹಿಟ್ಟಿನ ಗಿರಣಿಯಲ್ಲಿ ಪಾಳಿ ಕಾಯುವಾಗ ಬಾಯಿಂದ ಜಾರಿತು. ಗಿರಣಿಯಿಂದ ಅದು ಕುಂದಗೋಳಕ್ಕೆ ಹೋಯಿತು.

ಒಂದು ರವಿವಾರ ಮುಂಜಾನೆ ಹತ್ತಕ್ಕೆ ಶಂಕ್ರಪ್ಪನವರ ಮನೆ ಮುಂದೆ ಜೀಪು ನಿಂತಿತು. ಲೆವಿ ಇನ್‌ಸ್ಪೆಕ್ಟರ್ ಸಿರಾಜುದ್ದೀನ ಇಳಿದ. ಹೊಸದಾಗಿ ಬಂದಿದ್ದ ತರುಣ, ಮರ್ಯಾದಸ್ಥ. ಹಿಂದೆ ಹಾರೆ ಸಲಿಕೆ ಹಿಡಿದ ಇಬ್ಬರು ಹಮಾಲರು. ಜೀಪು ಬಂದಮೇಲೆ ಓಣಿ ಮಂದಿ ಬರದೇ ಇರುತ್ತಾರೆಯೇ, ಹಿಂದೆಯೇ ಇಪ್ಪತ್ತು ಜನ ನೆರೆದರು. ಮಡಿವಾಳೆಪ್ಪನೂ ಬಂದು ಎಲ್ಲರಿಗಿಂತ ಹಿಂದೆ ನಿಂತ.

"ಶಂಕ್ರಪ್ಪನವರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಮನ್ಯಾಗ ಹಗೇವು ಐತಿ ಅಂತ ವರ್ದಿ ಬಂದೈತಿ."

"ಇತ್ತ್ರಿ ಸಾಹೇಬ್ರ. ಹತ್ತು ವರ್ಷದ ಹಿಂದ ನೀರ ಜಿನುಗಿತು ಅಂತ ಮಣ್ಣು ತುಂಬೀವಿ. ಅಂಗಳದಾಗ ಅಲ್ಲೇ ಐತಿ ಜಾಗಾ, ಬೇಕಾರ ನೋಡ್ರಿ. ಲೆವಿ ಜ್ವಾಳಾ ಕೊಟ್ಟ ಪಾವತೀನೂ ಐತಿ."

"ಅದಲ್ಲ. ತುಂಬಿದ್ದು ಒಂದು ಐತೆಂತ. ಒಂಬತ್ತ ತಿಂಗಳದ್ದು. ದಿನಾ ಸಂಜೀಕ ನಿಮ್ಮ ಪಡಸಾಲ್ಯಾಗ ಅದರದ ಮಾತು ನಡೀತಾವಂತ. ಎರಡು ಚೀಲ ಹೊರಗ ತಗಿಯೂ ಮಾತೂ ಆಗೈತಿ."

ಶಂಕ್ರಪ್ಪನವರಿಗೆ ಅರ್ಥವಾಯಿತು. ಅರ್ಥವಾದದ್ದೇ ತೊಂದರೆ. ಇಪ್ಪತ್ತು ಗಂಡಸರ ಮುಂದೆ, ತಮ್ಮ ಸೊಸೆಗೆ ತಾವು ಏನು ಪಾಠ ಹೇಳುತ್ತಿದ್ದೇವೆಂದು ಅವರು ಹೇಗೆ ಹೇಳಿಯಾರು? ಕೊನೆಗೆ, "ಅದು ವ್ಯಾಕರಣದ ಸಲುವಾಗಿ ಇಟ್ಟ ಹೆಸರ್ರಿ," ಅಂದರು.

ಇನ್‌ಸ್ಪೆಕ್ಟರು ತಲೆಯಾಡಿಸಿದ. ಬಚ್ಚಿಟ್ಟವರ ಬಾಯಿಂದ ಬಹಳ ಥರದ ಉತ್ತರ ಕೇಳಿದ್ದ, ಇದು ಹೊಸದು. "ಹಂಗಾರ ನಾವು ಹುಡಕಬೇಕಾಗತೈತ್ರಿ," ಎಂದು ಹಮಾಲರಿಗೆ ಕೈಸನ್ನೆ ಮಾಡಿದ. ಒಬ್ಬ ಹಮಾಲ ಪಡಸಾಲೆಯ ನೆಲವನ್ನು ಹಾರೆಯಿಂದ ಕುಟ್ಟಿ, ಟೊಳ್ಳು ಎಲ್ಲಿದೆಯೆಂದು ಕಿವಿಗೊಟ್ಟು ಕೇಳತೊಡಗಿದ.

ರೇವವ್ವ ಹೊಸ್ತಿಲ ಮೇಲೆ ಬಂದು ನಿಂತಳು. ಆಗಲೇ ಆಕೆಗೆ ನಗು ತಡೆಯಲಾಗುತ್ತಿರಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ನೆಲಾ ಕುಟ್ಟಬ್ಯಾಡ್ರಿ. ಅದು ನೆಲದಾಗ ಇಲ್ಲ."

"ಮತ್ತೆಲ್ಲೈತ್ರಿ, ತಾಯಿ?"

"ನಂದೊಂದು ಐತಿ. ನಿಮ್ಮ ತಾಯೀದೂ ಒಂದು ಇತ್ತು."

"ನಮ್ಮ ಅಮ್ಮಾರು ಸವಣೂರಿನವರು," ಅಂದ ಸಿರಾಜುದ್ದೀನ ಪ್ರಾಮಾಣಿಕವಾಗಿ. "ಅವರ ಮನ್ಯಾಗ ಹಗೇವು ಇರಲಿಲ್ಲ."

ರೇವವ್ವ ಅಲ್ಲೇ ಕೂತುಬಿಟ್ಟಳು. ಆಕೆಯಿಂದ ಇನ್ನು ಮಾತು ಹೊರಡುವ ಹಾಗಿರಲಿಲ್ಲ. ಹಮಾಲ ಮತ್ತೆ ಹಾರೆ ಎತ್ತಿದ.

ಆಗ ಸುಶೀಲವ್ವ ಹೊರಗೆ ಬಂದಳು. ಅತ್ತೆಯನ್ನು ದಾಟಿ, ಹೊಸ್ತಿಲು ದಾಟಿ, ಪಡಸಾಲೆಯ ನಡುವೆ. ತಲೆಯ ಮೇಲೆ ಸೆರಗು ಇತ್ತು, ಕೈಯಲ್ಲಿ ಪುಸ್ತಕ ಇತ್ತು. ಬಾಗಿಲ ಹಿಂದೆ ನಿಂತು ಎಷ್ಟು ಹೊತ್ತು ಎದೆ ಗಟ್ಟಿಮಾಡಿಕೊಂಡಳೋ, ಹೊರಗೆ ಬಂದಾಗ ಮಾತ್ರ ದನಿ ಪೂರ್ತಿ ದವಾಖಾನೆಯ ದನಿಯಾಗಿತ್ತು.

"ಹಾರೀ ಕೆಳಗಿಡೋ. ಸಾಹೇಬ್ರ, ನೀವು ಕುಂದರ್ರಿ."

ಇನ್‌ಸ್ಪೆಕ್ಟರು ಜಮಖಾನೆಯ ಮೇಲೆ ಕೂತ. ಸುಶೀಲವ್ವ ಪುಸ್ತಕ ಅವನ ಮುಂದೆ ತೆರೆದಿಟ್ಟು, ಒಂದು ಪುಟಕ್ಕೆ ಅಂಟಿಸಿದ್ದ ಪೇಪರನ್ನು ಪರಪರ ಕಿತ್ತಳು. ಒಳಗೆ ಇಡೀ ಪುಟದ ಚಿತ್ರ.

"ಇದು ಹಗೇವು. ಇದು ಅದರ ಬಾಯಿ. ಒಳಗ ಕಾಣತೈತಲ್ಲ, ತಲಿ ಕೆಳಗ ಮಾಡಿ, ಇದ ಚೀಲ. ನಾ ಬೆಂಗಳೂರಿನ ಪರೀಕ್ಷಾಕ್ಕ ಓದಾಕತ್ತೀನ್ರಿ. ನಮ್ಮ ಮಾವಾರು ಇಂಗ್ಲಿಷ್ ಹೇಳಿಕೊಡತಾರ. ಅವರಿಗೆ ಸಂಕೋಚ ಆದೀತಂತ ಬ್ಯಾರೇ ಹೆಸರ ಇಟ್ಟೀವಿ. ಇದರಾಗ ಒಂದು ಸೇರು ಜ್ವಾಳಾನೂ ಇಲ್ಲ. ಮತ್ತೇನರ ನೋಡಬೇಕ್ರ್ಯಾ?"

ಇನ್‌ಸ್ಪೆಕ್ಟರು ಚಿತ್ರ ನೋಡಿ, ಗೋಡೆ ನೋಡಿ, ತನ್ನ ಬೂಟು ನೋಡಿದ. ಓಣಿಯ ಗಂಡಸರೆಲ್ಲ ಒಂದೊಂದು ದಿಕ್ಕಿಗೆ ಮುಖ ತಿರುಗಿಸಿದರು. ಹಾರೆಯ ಹಮಾಲನೊಬ್ಬನೇ ಬಗ್ಗಿ ಚಿತ್ರವನ್ನು ನೆಟ್ಟಗೆ ನೋಡಿ, "ತಲಿ ಕೆಳಗ ಇರತೈತೇನ್ರಿ ಅಕ್ಕಾರ? ಅಷ್ಟೂ ದಿನಾ?" ಎಂದು ಕೇಳಿದ. ಅವನಿಗೆ ಮೂರು ಮಕ್ಕಳು.

"ಕಡೀಕ ತಿರಗತೈತಿ," ಅಂದಳು ಸುಶೀಲವ್ವ.

ಶಂಕ್ರಪ್ಪನವರೂ ಆ ಚಿತ್ರವನ್ನು ಮೊದಲ ಸಲ ನೋಡುತ್ತಿದ್ದರು. ಎರಡು ತಿಂಗಳಿಂದ ವಾಕ್ಯಗಳಲ್ಲಿ ಕಂಡದ್ದು ಅಲ್ಲಿ ಸುಮ್ಮನೆ ಮುದುಡಿ ಮಲಗಿತ್ತು. ಮುಖ ತಿರುಗಿಸಬೇಕೆಂಬುದು ಅವರಿಗೆ ನೆನಪಾಗಲಿಲ್ಲ.

ಇನ್‌ಸ್ಪೆಕ್ಟರು ಎದ್ದು ಕೈಮುಗಿದ. ಮಂದಿ ಕರಗಿತು; ಮಡಿವಾಳೆಪ್ಪ ಎಲ್ಲರಿಗಿಂತ ಮೊದಲು. ಹಮಾಲರು ಜೀಪಿನಲ್ಲಿ ಕೂತರು. ಆದರೆ ಸಿರಾಜುದ್ದೀನ ಮೆಟ್ಟಿಲು ಇಳಿದವನು ಮತ್ತೆ ಏರಿ ಬಂದು, ದನಿ ತಗ್ಗಿಸಿ ಕೇಳಿದ.

"ಅಕ್ಕಾರ, ಒಂದು ಮಾತು. ನಮ್ಮ ಮನ್ಯಾಗೂ ಎಂಟು ತಿಂಗಳು ನಡದೈತಿ. ಕಾಲು ಬಾತಾವು. ಅಮ್ಮಾರು, ಬಸರಿದ್ದಾಗ ಕಾಲು ಬಾಯೂದ ಅಂತಾರ."

"ಕಾಲು ಅಷ್ಟ ಏನು? ಮುಖಾ?"

"ಮುಖಾನೂ. ಉಂಗುರ ಕೈಯಾಗಿಂದ ಬರವಲ್ದು. ಎರಡು ದಿನದಿಂದ ತಲಿ ನೋಯತೈತಿ ಅಂತಾಳ ಜೈನಬಿ. ಕಣ್ಣಮುಂದ ಮಿಣುಕ ಮಿಣುಕ ಕಾಣತಾವಂತ."

ಸುಶೀಲವ್ವನ ಮುಖ ಬದಲಾಯಿತು. ಶಂಕ್ರಪ್ಪನವರ ಮುಖವೂ ಬದಲಾಯಿತು. ಅವರು ಎರಡು ಹೆಜ್ಜೆ ಮುಂದೆ ಬಂದು, ರೇವವ್ವನ ಕಡೆ ತಿರುಗದೆ, ನೇರವಾಗಿ ಸೊಸೆಯನ್ನೇ ಕೇಳಿದರು.

"ಯವ್ವಾ, ಇದು ಹನ್ನೊಂದನೇ ಪ್ರಕರಣ ಅಲ್ಲೇನು?"

"ಹೌದ್ರಿ ಮಾವಾರ. ಹನ್ನೊಂದ."

"ಮೂರ್ಛಿ ಬಂದೀತಂತ ತಡಾ ಮಾಡಬಾರದು ಅಂತ ಬರದಾರ."

"ಹೌದ್ರಿ."

ಸುಶೀಲವ್ವ ಚಪ್ಪಲಿ ಮೆಟ್ಟಿ, ಅದೇ ಜೀಪಿನಲ್ಲಿ ಹಮಾಲರ ಪಕ್ಕ ಕೂತು ಕುಂದಗೋಳಕ್ಕೆ ಹೋದಳು. ಸಿರಾಜುದ್ದೀನನ ಹೆಂಡತಿಯನ್ನು ಕರೆತರಿಸಿ, ದವಾಖಾನೆಯ ಬೀಗ ತೆಗೆಸಿ ರಕ್ತದ ಒತ್ತಡ ನೋಡಿದರೆ ಅದು ಬಹಳ ಏರಿತ್ತು. ಡಾಕ್ಟರಿಗೆ ಹೇಳಿ ಕಳಿಸಿ, ಸೂಜಿ ಮಾಡಿಸಿ, ಜೈನಬಿಯನ್ನು ಜೀಪಿನ ಹಿಂದಿನ ಸೀಟಿನಲ್ಲಿ ಎಡಮಗ್ಗುಲಿಗೆ ಮಲಗಿಸಿಕೊಂಡು ಹುಬ್ಬಳ್ಳಿಗೆ ಮುಟ್ಟಿಸಿದಳು. ಹಾರೆಯ ಹಮಾಲ ದಾರಿಯುದ್ದಕ್ಕೂ ಹೊರಗೆ ಕತ್ತು ಚಾಚಿ ಎದುರು ಬಂದ ಚಕ್ಕಡಿಗಳನ್ನೆಲ್ಲ ಬೈದು ಬಾಜು ಸರಿಸುತ್ತ ಬಂದ. ಹನ್ನೆರಡು ದಿನದ ಮೇಲೆ ಜೈನಬಿ ಅಲ್ಲೇ ಹಡೆದಳು. ತಿಂಗಳು ತುಂಬುವ ಮೊದಲೇ ಹುಟ್ಟಿದ ಸಣ್ಣ ಹೆಣ್ಣುಕೂಸು. ಅಂಗೈಯಷ್ಟಿತ್ತು, ಆದರೆ ಅಳು ಗಟ್ಟಿ. ತಾಯಿಯೂ ಉಳಿದಳು.

ಆಮೇಲೆ ಬಾಗಿಲ ಹಿಂದೆ ನಿಲ್ಲುವುದಕ್ಕೆ ಅರ್ಥ ಉಳಿಯಲಿಲ್ಲ. ಊರಿಗೆಲ್ಲ ಗೊತ್ತಾದದ್ದನ್ನು ಬಾಗಿಲಿಗೆ ಮುಚ್ಚಿ ಏನು ಮಾಡುವುದು? ಸುಶೀಲವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಓದತೊಡಗಿದಳು. ಅಂಗಗಳಿಗೆ ಅವುಗಳ ಹೆಸರೇ ಬಂದವು. ಶಂಕ್ರಪ್ಪನವರು ಮೊದಲ ನಾಲ್ಕು ದಿನ ಆ ಶಬ್ದ ಬಂದಾಗಲೆಲ್ಲ ಕೆಮ್ಮುತ್ತಿದ್ದರು, ಐದನೇ ದಿನದಿಂದ ಕೆಮ್ಮು ಹೋಯಿತು. ಕೆಲಸ ಕಳೆದುಕೊಂಡ ರೇವವ್ವ ಮಾತ್ರ ಹೊಸ್ತಿಲ ಮೇಲಿನ ಜಾಗ ಬಿಡಲಿಲ್ಲ. ಪುಸ್ತಕ ತಪ್ಪಿದಲ್ಲಿ ತಿದ್ದುವವರು ಬೇಡವೇ?

ಒಂದು ಸಂಜೆ ಮಡಿವಾಳೆಪ್ಪ ಒಂದು ತಂಬಿಗೆ ಎಮ್ಮೆ ಹಾಲು ಹಿಡಿದು ಬಂದ. ತಪ್ಪಾಯಿತೆಂದು ಬಾಯಿಬಿಟ್ಟು ಹೇಳಲಿಲ್ಲ. ಬಹಳ ಹೊತ್ತು ಮಳೆಯ ಮಾತಾಡಿ, ಹೋಗುವಾಗ, "ಶಂಕ್ರಪ್ಪಣ್ಣಾ, ಎರಡು ಚೀಲಾ ಇದ್ರ ಅಂತ ಅಂದಿದ್ದಿಯಲ್ಲ, ಅದು ಹ್ಯಾಂಗ ಗೊತ್ತಾಗತೈತಿ? ನಮ್ಮ ಮಗಳು ಹಡಿಯಾಕ ಬಂದಾಳ, ಹೊಟ್ಟಿ ಭಾಳ ದೊಡ್ಡದು ಐತಿ," ಅಂದ.

"ನಂಗ ವ್ಯಾಕರಣ ಅಷ್ಟ ಗೊತ್ತಪಾ," ಅಂದರು ಶಂಕ್ರಪ್ಪನವರು. "ಅಕೀನ್ನ ಕೇಳು."

ಸುಶೀಲವ್ವ ಹೋಗಿ ಕೈ ಇಟ್ಟು ನೋಡಿ ಬಂದಳು. ಒಂದೇ ಇತ್ತು, ದೊಡ್ಡದಿತ್ತು.

ಜುಲೈ ತಿಂಗಳಲ್ಲಿ ಪರೀಕ್ಷೆ. ಈರಬಸಪ್ಪನಿಗೆ ಬಿತ್ತನೆಯ ಗಡಿಬಿಡಿ, ಆದ್ದರಿಂದ ಶಂಕ್ರಪ್ಪನವರೇ ಸೊಸೆಯನ್ನು ಬೆಂಗಳೂರಿಗೆ ಕರೆದುಕೊಂಡು ಹೋದರು. ಬರೆಯುವ ಪರೀಕ್ಷೆ ಚೆನ್ನಾಗಿಯೇ ಆಯಿತು. ಸಂದರ್ಶನದ ಕೋಣೆಯಲ್ಲಿ ಮೂವರು ಹಿರಿಯ ಮಾಸ್ತರಬಾಯಿಯರು ಕೂತಿದ್ದರು. ಸುಶೀಲವ್ವನಿಗೆ ಇಂಗ್ಲಿಷ್ ಬರುತ್ತಿತ್ತು, ಆದರೆ ಅದು ಮಾವನ ಇಂಗ್ಲಿಷು. ಹೆಸರು ಕೇಳಿದ್ದಕ್ಕೇ 'ವಿತ್ ಡ್ಯೂ ರಿಸ್ಪೆಕ್ಟ್ ಐ ಬೆಗ್ ಟು ಸ್ಟೇಟ್' ಎಂದು ಶುರು ಮಾಡಿದಳು. ಹೆರಿಗೆಯ ಮೊದಲಿನ ಅಪಾಯದ ಗುರುತುಗಳನ್ನು ಕೇಳಿದ್ದಕ್ಕೆ ಒಂದೇ ಉತ್ತರದಲ್ಲಿ ಮೂರು ಸಲ 'ಲೆಸ್ಟ್' ಬಳಸಿದಳು. ನಡುವೆ ಕೂತ ಮಾಸ್ತರಬಾಯಿ ಕನ್ನಡಕ ತೆಗೆದು, ಈ ಇಂಗ್ಲಿಷನ್ನು ಯಾವ ಶಾಲೆಯಲ್ಲಿ ಕಲಿತೆ ಎಂದು ಕೇಳಿದಳು.

ಸುಶೀಲವ್ವ ಬಾಗಿಲ ಕಡೆ ಕೈ ತೋರಿಸಿದಳು. ಹೊರಗಿನ ಬೆಂಚಿನ ಮೇಲೆ ರುಮಾಲು ಸುತ್ತಿದ ಒಬ್ಬ ಮುದುಕರು ಇನ್ನೊಬ್ಬ ಹುಡುಗಿಯ ಪುಸ್ತಕ ಇಸಕೊಂಡು ಓದುತ್ತಿದ್ದದ್ದು ಕಾಣಿಸುತ್ತಿತ್ತು.

ಆ ಮಾಸ್ತರಬಾಯಿ ನಗಲಿಲ್ಲ. ಅಪಾಯದ ಗುರುತು ಎಂದಾದರೂ ಕಣ್ಣಾರೆ ಕಂಡಿದ್ದೀಯಾ ಎಂದಳು. ಸುಶೀಲವ್ವ ಜೈನಬಿಯ ವಿಷಯ ಹೇಳಿದಳು. ಉಂಗುರ, ತಲೆನೋವು, ಮಿಣುಕು, ಜೀಪು. ಹಗೇವು ಬಿಟ್ಟಳು.

ಆಗಸ್ಟಿನಲ್ಲಿ ಹನ್ನೆರಡು ಹೆಸರಿನ ಪಟ್ಟಿ ಬಂತು. ಆಕೆಯದು ಹನ್ನೊಂದನೇದು. ಶಂಕ್ರಪ್ಪನವರು ಪಟ್ಟಿಯನ್ನು ಎರಡು ಸಲ ಓದಿ, ಅದರಲ್ಲಿ ಒಂದು ವ್ಯಾಕರಣ ದೋಷ ಇದೆ ಅಂದರು. ಆಮೇಲೆ ಓಣಿಯಲ್ಲೆಲ್ಲ ಸಕ್ಕರೆ ಹಂಚಿಸಿದರು. ಬೆಂಗಳೂರಿಗೆ ಮುಟ್ಟಿಸಲು ಮತ್ತೆ ತಾವೇ ಬರುತ್ತೇವೆಂದಾಗ ಸುಶೀಲವ್ವ ಅವರ ಎದುರಿಗೇ ನಿಂತು ಹೇಳಿದಳು. "ಈ ಸಲಾ ನಾ ಒಬ್ಬಾಕಿನ ಹೋಗತೀನ್ರಿ ಮಾವಾರ. ಹುಬ್ಬಳ್ಳಿ ದುರಗವ್ವ ಅದಾಳ, ಅಕೀದೂ ಹೆಸರ ಬಂದೈತಿ. ಅದ ಗಾಡ್ಯಾಗ ಕೂತಿರತಾಳ."

ಮಧ್ಯಾಹ್ನದ ಗಾಡಿ. ಮನೆಮಂದಿಯೆಲ್ಲ ಚಕ್ಕಡಿ ಹೂಡಿಕೊಂಡು ಕುಂದಗೋಳದ ಸ್ಟೇಶನ್ನಿಗೆ ಬಂದರು. ರೇವವ್ವ ಕಡಕ್ ರೊಟ್ಟಿಯ ಗಂಟನ್ನೂ ಶೇಂಗಾ ಚಟ್ನಿಯ ಡಬ್ಬಿಯನ್ನೂ ಸೊಸೆಯ ಕೈಗೆ ಕೊಟ್ಟು, "ಅಲ್ಲಿ ಮಾಸ್ತರಬಾಯಾರಿಗೆ ಹೇಳು, ಮೊಣಕಾಲ ಊರಿ ಹಡದ್ರ ಸಸಾರ ಆಗತೈತಿ ಅಂತ. ನಾ ಹೇಳೇನಂತ ಹೇಳು," ಅಂದಳು. ಶಂಕ್ರಪ್ಪನವರು, ಕಿಟಕಿಯಿಂದ ಕೈ ಹೊರಗೆ ಹಾಕಬೇಡ ಎಂದು ಅಲ್ಲಿ ಇಂಗ್ಲಿಷಿನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿದರು.

ಈರಬಸಪ್ಪ ಟ್ರಂಕು ಹೊತ್ತು ಗಾಡಿಯ ಒಳಗೆ ಹೋದ. ಸಿಳ್ಳೆ ಹೊಡೆಯಿತು. ಗಾಡಿ ಮೆಲ್ಲಗೆ ಹೊರಟಿತು, ಜೋರಾಯಿತು, ಹೋಯಿತು. ಪ್ಲಾಟ್‌ಫಾರ್ಮಿನಲ್ಲಿ ಶಂಕ್ರಪ್ಪನವರೂ ರೇವವ್ವನೂ ಇಬ್ಬರೇ ಉಳಿದರು.

"ಈರ್ಯಾ ಎಲ್ಲಿ?" ಅಂದರು ಶಂಕ್ರಪ್ಪನವರು.

ರೇವವ್ವ ಗಾಡಿ ಹೋದ ದಿಕ್ಕಿಗೆ ನೋಡಿದಳು. "ಇಳೀಲಿಲ್ಲ," ಅಂದಳು.

ಹತ್ತು ವರ್ಷದಿಂದ ಚಕ್ಕಡಿ ಹೊಡೆಯದ ಶಂಕ್ರಪ್ಪನವರು ಅವತ್ತು ಎತ್ತುಗಳನ್ನು ಬೇಡಿಕೊಂಡು ಬೇಡಿಕೊಂಡು ಊರು ಮುಟ್ಟಿದರು.

ಈರಬಸಪ್ಪ ಮರುದಿನ ಮುಂಜಾನೆ ಒಂಬತ್ತಕ್ಕೆ ಬಂದ. ಅಂಗಿ ಮುದುಡಿತ್ತು, ಕಣ್ಣು ಕೆಂಪಾಗಿದ್ದವು.

"ಎಲ್ಲಿಗೆ ಹೋಗಿದ್ದಿ?" ಎಂದು ಅಪ್ಪ ಕೇಳಿದರು.

"ಹಾವೇರಿಗೆ. ಎತ್ತು ನೋಡಾಕ."

ಹಾವೇರಿಯಲ್ಲಿ ಎತ್ತಿನ ಸಂತೆ ಯಾವ ವಾರ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಿನ್ನೆಯೂ ಅಲ್ಲ, ಇವತ್ತೂ ಅಲ್ಲ.

"ಛಲೋ ಇದ್ವೇನು?" ಅಂದರು ಶಂಕ್ರಪ್ಪನವರು.

"ಹೂಂ."

ರೇವವ್ವ ತಾಟಿನಲ್ಲಿ ಎರಡು ಬಿಸಿ ರೊಟ್ಟಿ, ಮೇಲೆ ಬೆಣ್ಣೆ ಇಟ್ಟು ಮಗನ ಮುಂದೆ ಸರಿಸಿದಳು. ಅವನು ಕೈ ತೊಳೆದುಕೊಂಡು ಉಣ್ಣಲಿಕ್ಕೆ ಕೂತ.